ಹೊಳೆಗೆ ಬಿಡದ ಗೋಧಿ

ಕಾರ್ತೀಕ ಹಿಡಿದು ಒಂಬತ್ತನೆಯ ದಿನ, ಬೆಳಗಿನ ಏಳು ಗಂಟೆ. ಸ್ವಾತಿ ಮಳೆ ಬಂದ ಹಾಗೆ ಮಾಡಿ ಹಿಂದೆ ಸರಿದಿತ್ತು. ಹೊಳೆಸಾಲಿನ ಗದ್ದೆಗಳಲ್ಲಿ ಭತ್ತ ತೆನೆ ಬಾಗಿಸಿ ನಿಂತಿತ್ತು. ಸಾಸ್ವೆಹಳ್ಳಿಯ ತನ್ನ ಮನೆಯ ನಡುಮನೆಯಲ್ಲಿ ಜಯಪ್ಪ ಮಂಚದಿಂದ ಏಳಲು ಹೋದವನು ಅರ್ಧ ಎದ್ದು, ಕೈಯಲ್ಲಿ ಗೋಡೆ ಹುಡುಕಿ, ಸಿಗದೆ, ಮೂಟೆ ಇಳಿಸಿದ ಹಾಗೆ ಕುಸಿದು ಕೂತ. ಹೆಂಡತಿ ಲಕ್ಷ್ಮೀದೇವಿ ಒಲೆಯ ಮುಂದಿನಿಂದ ಓಡಿಬಂದು ತೋಳು ಹಿಡಿದರೆ ಆ ತೋಳಿನಲ್ಲಿ ಮನುಷ್ಯನ ತೂಕವೇ ಇರಲಿಲ್ಲ. ಇದೆಲ್ಲ ಶುರುವಾದದ್ದು ಆ ಹೊತ್ತಿನಲ್ಲಿ.

ಜಯಪ್ಪ ಊರಿನ ನೀರುಗಂಟಿಯಾಗಿದ್ದವನು. ಮೂವತ್ತು ವರ್ಷ ಕೋಳಿ ಕೂಗುವ ಮೊದಲೇ ಎದ್ದು ಟ್ಯಾಂಕಿನ ವಾಲ್ವು ತಿರುಗಿಸಿ ಓಣಿ ಓಣಿಗೂ ನೀರು ಬಿಟ್ಟವನು. ಈಗ ಒಂದು ಚೊಂಬು ಎತ್ತಲಾರ. ದಾವಣಗೆರೆಯ ಡಾಕ್ಟರು ಮೂಳೆಯೊಳಗೆ ರಕ್ತ ಹುಟ್ಟುವುದೇ ನಿಂತುಹೋಗಿದೆ ಎಂದಿದ್ದರು. ತಿಂಗಳಿಗೊಮ್ಮೆ ರಕ್ತ ಏರಿಸುತ್ತಿದ್ದರು. ಅದು ಹದಿನೈದು ದಿನಕ್ಕೆ ಬಂತು, ಆಮೇಲೆ ಹತ್ತು ದಿನಕ್ಕೆ ಬಂತು. ಕೊನೆಯ ಸಲ ಹೋದಾಗ ಡಾಕ್ಟರು ಮಗಳು ಕಾವ್ಯಶ್ರೀಯನ್ನು ಮಾತ್ರ ಹೊರಗೆ ಕರೆದು ಮಾತಾಡಿದರು. ಕಾವ್ಯಶ್ರೀ ಚನ್ನಗಿರಿಯಲ್ಲಿ ನೌಕರಿಯಲ್ಲಿದ್ದಾಳೆ, ಗಟ್ಟಿ ಹುಡುಗಿ. ಅವಳು ಮುಖ ತೊಳೆದುಕೊಂಡು ಒಳಗೆ ಬಂದಳು. ಏನಂದರು ಎಂದು ಲಕ್ಷ್ಮೀದೇವಿ ಕೇಳಲಿಲ್ಲ. ಮುಖ ತೊಳೆದುಕೊಂಡು ಬಂದ ಮಗಳನ್ನು ನೋಡಿದ ಮೇಲೆ ಕೇಳುವುದು ಏನಿರುತ್ತದೆ?

ಅವಳಿಗೆ ಬೇಕಾಗಿದ್ದದ್ದು ಒಂದೇ. ಗಂಡ ಉಳಿಯಬೇಕು. ದುಡಿಯುವುದು ಬೇಡ, ಓಡಾಡುವುದೂ ಬೇಡ, ಮಂಚದ ಮೇಲೆ ಕೂತು ತನ್ನನ್ನು ರೇಗಿಸುತ್ತಿದ್ದರೆ ಸಾಕು. ಅವಳ ತವರು ಜಗಳೂರು ಸೀಮೆ, ಮಳೆ ಕಾಣದ ನೆಲ. ಗಂಡನ ಊರು ತುಂಗಭದ್ರೆಯ ದಂಡೆ. ಮದುವೆಯಾಗಿ ನಲವತ್ತು ವರ್ಷವಾದರೂ ಜಯಪ್ಪನದು ಅದೇ ಕುಚೋದ್ಯ: "ನಿಮ್ಮೂರಾಗೆ ಮೋಡದ ನೆರಳು ಬಿದ್ರೂ ಬಿಂದಿಗೆ ಇಡ್ತಾರೆ ಕಣೇ ಲಚ್ಚಿ." ಲಚ್ಚಿ ಎಂದು ಕರೆಯುವವನು ಈ ಲೋಕದಲ್ಲಿ ಅವನೊಬ್ಬನೇ ಇದ್ದ.

ಗೋಧಿ ಹುಲ್ಲಿನ ರಸದ ವಿಷಯ ತಂದವಳು ಕಾವ್ಯಶ್ರೀ. ನ್ಯಾಮತಿಯಲ್ಲಿ ಯೋಗ ಕಲಿಸುವ ರಘುನಾಥ ಮೇಷ್ಟ್ರ ಹತ್ತಿರ ಕೇಳಿಕೊಂಡು ಬಂದಿದ್ದಳು. ಡಾಕ್ಟರ ಔಷಧಿ ಬಿಡಬೇಡಿ, ಅದರ ಜೊತೆಗೆ ಇದೂ ಇರಲಿ ಎಂದು ಮೇಷ್ಟ್ರು ಫೋನಿನಲ್ಲಿ ಬಿಡಿಸಿ ಹೇಳಿದರು. ಗೋಧಿಯನ್ನು ಒಂದು ರಾತ್ರಿ ನೆನೆಸಬೇಕು, ಒದ್ದೆ ಬಟ್ಟೆಯಲ್ಲಿ ಮೊಳಕೆ ಕಟ್ಟಬೇಕು. ಮೂಗು ಒಡೆದ ಮೇಲೆ ಎರಡು ಬೆರಳು ದಪ್ಪದ ಮಣ್ಣಿನ ಮೇಲೆ ಹರಡಿ, ಒದ್ದೆ ಪೇಪರು ಮುಚ್ಚಿ, ಎರಡು ದಿನ ಕತ್ತಲೆಯಲ್ಲಿಡಬೇಕು. ಆಮೇಲೆ ನೆರಳಿಗೆ ತಂದು ಎರಡು ಹೊತ್ತು ನೀರು ಚಿಮುಕಿಸಬೇಕು. ಎಂಟನೆಯ ದಿನಕ್ಕೆ ಗೇಣುದ್ದ ಬಂದ ಹುಲ್ಲನ್ನು ಕತ್ತರಿಸಿ, ರುಬ್ಬಿ, ಸೋಸಿ, ಬರಿ ಹೊಟ್ಟೆಗೆ ಕೊಡಬೇಕು. ದಿನಕ್ಕೊಂದರಂತೆ ಏಳು ತಟ್ಟೆ ಹಾಕಿದರೆ ದಿನವೂ ಒಂದು ತಟ್ಟೆ ಕೈಗೆ ಬರುತ್ತದೆ. ಕಾವ್ಯಶ್ರೀ ಚನ್ನಗಿರಿಯಿಂದ ಏಳು ಅಡಿಕೆ ಹಾಳೆಯ ತಟ್ಟೆ ತಂದು, ತಳಕ್ಕೆ ದಬ್ಬಳದಿಂದ ತೂತು ಹಾಕಿ, ಅಡಿಗೆಮನೆಯ ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಹೋದಳು.

ಅಂಗಡಿ ಗೋಧಿ ಮೊಳೆಯುವ ಬದಲು ಬೂಷ್ಟು ಹಿಡಿಯಿತು. ಎರಡನೆಯ ಸಲವೂ ಹಾಗೇ ಆಯಿತು, ಮನೆಯೆಲ್ಲ ಹುಳಿ ನಾತ. ಜಯಪ್ಪ ಮಂಚದಿಂದಲೇ ಕ್ಷೀಣ ದನಿಯಲ್ಲಿ ಅಂದ: "ಹೊಳೆದಂಡೆಗೆ ಬಂದು ನಲವತ್ತು ವರ್ಷ ಆತು, ಇನ್ನೂ ನೀರಿನ ಹದ ಗೊತ್ತಾಗ್ಲಿಲ್ಲ ನಿನಗೆ." ಅವಳು ನಕ್ಕಳು. ನಗುತ್ತಲೇ ಹಿತ್ತಲಿಗೆ ಹೋಗಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಮೇಷ್ಟ್ರಿಗೆ ಫೋನು ಮಾಡಿದರೆ, ಅಂಗಡಿ ಗೋಧಿಗೆ ಔಷಧಿ ಹೊಡೆದಿರುತ್ತಾರೆ, ಅರ್ಧ ಕಾಳು ಸತ್ತೇ ಇರುತ್ತದೆ, ಹಳೆಯ ತಳಿ ಎಲ್ಲಾದರೂ ಸಿಕ್ಕರೆ ನೋಡಿ ಎಂದರು. ಹೊಟ್ಟು ಕಾಳನ್ನು ಬಿಡದೆ ಅಂಟಿಕೊಂಡಿರುತ್ತದಲ್ಲ, ಜವೆ ಗೋಧಿ, ಅದಾದರೆ ಇನ್ನೂ ಒಳ್ಳೆಯದು.

ಫೋನು ಇಟ್ಟ ಮೇಲೆ ಲಕ್ಷ್ಮೀದೇವಿ ತಲೆ ಎತ್ತಿ ಅಟ್ಟ ನೋಡಿದಳು.

ಅಟ್ಟದ ಮೇಲೆ ಹಳೆಯ ತೊಟ್ಟಿಲ ಹಿಂದೆ ಒಂದು ಸೋರೆಬುರುಡೆ ಇತ್ತು. ಅದು ಅಲ್ಲಿರುವುದು ಅವಳೊಬ್ಬಳಿಗೇ ಗೊತ್ತು.

ಹದಿನೆಂಟು ವರ್ಷದ ಕೆಳಗೆ, ಯುಗಾದಿಗೆ ಇನ್ನೂ ತಿಂಗಳಿರುವಾಗ, ಜಯಪ್ಪನ ತಾಯಿ ಅಜ್ಜಮ್ಮ ಇದೇ ನಡುಮನೆಯಲ್ಲಿ ತೀರಿಕೊಂಡರು. ಆ ಮನೆತನದಲ್ಲಿ ಒಂದು ಪದ್ಧತಿ. ಹೋದವರು ತಲೆ ಇಟ್ಟಿದ್ದ ಜಾಗದಲ್ಲಿ ಮನೆಯಲ್ಲಿದ್ದ ಕಾಳು ಒಂದು ಸೇರು ಸುರಿದು, ಅದರ ಮೇಲೆ ದೀಪ ಹಚ್ಚಿ, ಹತ್ತು ದಿನ ಆರದಂತೆ ಕಾಯುತ್ತಾರೆ. ಹೋದವರು ದಾರಿ ಕಾಣುವತನಕ ಆ ಕಾಳಿನ ಮೇಲೆ ಕೂತಿರುತ್ತಾರೆ. ಹನ್ನೊಂದನೆಯ ದಿನ ನಸುಕಿಗೆ ಸೊಸೆಯಾದವಳು ಆ ಕಾಳನ್ನು ಮಡಿಲಲ್ಲಿ ಕಟ್ಟಿಕೊಂಡು ಹೋಗಿ ಹೊಳೆಗೆ ಬಿಡಬೇಕು. ಕಾಳು ಹೋದ ದಾರಿ ಹಿಡಿದು ಜೀವ ಹೋಗುತ್ತದೆ.

ಆ ಸಲ ಮನೆಯಲ್ಲಿದ್ದ ಕಾಳು ಜವೆ ಗೋಧಿ. ಹಬ್ಬಕ್ಕೆಂದು ಲಕ್ಷ್ಮೀದೇವಿಯ ಅಪ್ಪ ಜಗಳೂರಿನಿಂದ ತಾನೇ ಹೊತ್ತು ತಂದಿದ್ದ. ಮುಂದಿನ ವರ್ಷದಿಂದ ಹೊಲಕ್ಕೆ ಮೆಕ್ಕೆಜೋಳ ಹಾಕುತ್ತೇವೆ, ಈ ಗೋಧಿ ಕುಟ್ಟುವವರು ಯಾರು ಎಂದು ಅವಳ ಅಣ್ಣಂದಿರು ಆಗಲೇ ಹೇಳಿಬಿಟ್ಟಿದ್ದರು. ಅಪ್ಪನ ಅಪ್ಪನ ಕಾಲದಿಂದ ಕೈಯಿಂದ ಕೈಗೆ ಬಂದ ಬೀಜ ಅದೇ ಕೊನೆ. ಜಗಳೂರು ಸೀಮೆಯಲ್ಲಿ ಬೀಜವನ್ನು ನೀರಿಗೆ ಎಸೆದವನ ಮನೆಗೆ ಹೆಣ್ಣು ಕೊಡುವುದಿಲ್ಲ ಎನ್ನುತ್ತಾರೆ. ಬರ ಬಂದ ವರ್ಷ ಅವಳ ಮನೆಯಲ್ಲಿ ಹುಣಸೆ ಬೀಜ ಹುರಿದು ತಿಂದಿದ್ದರೇ ಹೊರತು ಬಿತ್ತನೆಯ ಮಡಕೆಯ ಬಾಯಿ ಬಿಚ್ಚಿರಲಿಲ್ಲ. ಹೊಳೆದಂಡೆಯವರಿಗೆ ಏನು, ಹುಟ್ಟಿದರೂ ಹೊಳೆ, ಸತ್ತರೂ ಹೊಳೆ, ಕೈಯಲ್ಲಿದ್ದದ್ದನ್ನೆಲ್ಲ ಅದಕ್ಕೆ ಹಾಕುತ್ತಾರೆ. ಅವಳಿಗೆ ಕೈ ಬರಲಿಲ್ಲ. ಆ ನಸುಕಿನಲ್ಲಿ ಅಡಿಗೆಮನೆಯ ಕದ ಮುಂದೆ ಮಾಡಿ, ದೀಪದ ಕಾಳನ್ನು ಒಂದು ಬಟ್ಟೆಗೆ ಸುರಿದು, ಹಿಂದಿನ ದಿನ ಗುಟ್ಟಾಗಿ ತಂದಿಟ್ಟಿದ್ದ ಅಂಗಡಿ ಗೋಧಿಯನ್ನು ಮಡಿಲಲ್ಲಿ ತುಂಬಿಕೊಂಡು ಹೊಳೆಗೆ ನಡೆದಳು.

ಆಮೇಲೆ ಆ ಜವೆ ಗೋಧಿಯನ್ನು ಬೂದಿ, ಬೇವಿನೆಲೆ ಬೆರೆಸಿ ಬುರುಡೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತಿ ಅಟ್ಟಕ್ಕೆ ಸೇರಿಸಿದಳು. ಹೊಳೆಸಾಲಿನ ಭತ್ತದ ಗದ್ದೆಯಲ್ಲಿ ಅದನ್ನು ಬಿತ್ತುವ ದಿನ ಬರಲೇ ಇಲ್ಲ. ಮರೆತಳು ಎನ್ನುವುದಕ್ಕಿಂತ, ನೆನೆಯದೆ ಬಿಟ್ಟಳು.

ಹದಿನೆಂಟು ವರ್ಷದ ಗೋಧಿ ಮೊಳೆಯುವುದಿಲ್ಲ, ಯಾವ ರೈತನನ್ನು ಬೇಕಾದರೂ ಕೇಳಿ. ಅವಳೂ ನಂಬಿರಲಿಲ್ಲ. ಒಂದು ಹಿಡಿ ನೆನೆಸಿ ಕಟ್ಟಿದಳು, ನೋಡೋಣ ಎಂದು. ಮಾರನೆಯ ಬೆಳಗ್ಗೆ ಬಟ್ಟೆ ಬಿಚ್ಚಿದರೆ ಪ್ರತಿ ಕಾಳೂ ಹೊಟ್ಟು ಸೀಳಿಕೊಂಡು ಬಿಳಿ ಮೂಗು ಹೊರಗೆ ಹಾಕಿತ್ತು. ಸತ್ತ ಕಾಳು ಒಂದಾದರೂ ಇದೆಯೇ ಎಂದು ಮೊರಕ್ಕೆ ಹರಡಿ ಹುಡುಕಿದಳು. ಒಂದೂ ಇರಲಿಲ್ಲ. ನೂರಕ್ಕೆ ತೊಂಬತ್ತು ಮೊಳೆತರೆ ಅದು ಒಳ್ಳೆಯ ಬೀಜ. ನೂರಕ್ಕೆ ನೂರು ಮೊಳೆತರೆ ಅದು ಬರೀ ಬೀಜವಲ್ಲ ಎಂದು ಅಪ್ಪ ಬದುಕಿದ್ದರೆ ಹೇಳುತ್ತಿದ್ದನೋ ಏನೋ. ಲಕ್ಷ್ಮೀದೇವಿ ಆಗ ಅಷ್ಟು ಯೋಚಿಸಲಿಲ್ಲ. ಅವಳ ಕಣ್ಣಿಗೆ ಕಂಡದ್ದು ಗಂಡನ ಆಯುಸ್ಸು.

ಮೂರನೆಯ ದಿನ ಪೇಪರು ತೆಗೆಯುವ ಕೆಲಸವೇ ಉಳಿದಿರಲಿಲ್ಲ. ಹುಲ್ಲು ಅದನ್ನು ಎತ್ತಿ ತಲೆಯ ಮೇಲೆ ಹೊತ್ತು ನಿಂತಿತ್ತು. ಕತ್ತಲೆಯಲ್ಲಿ ಬೆಳೆದ ಸಸಿ ಹಳದಿ ಇರುತ್ತದೆ, ಇದು ಕಡುಹಸಿರು. ಇನ್ನೊಂದು ಸಂಗತಿ ಅವಳು ಐದನೆಯ ದಿನ ನೋಡಿದಳು. ಯಾವ ಸಸಿಯಾದರೂ ಬೆಳಕಿನ ಕಡೆಗೆ ವಾಲುತ್ತದೆ. ಈ ಹುಲ್ಲು ಕಿಟಕಿಗೆ ಬೆನ್ನು ಹಾಕಿ ನಡುಮನೆಯ ಬಾಗಿಲ ಕಡೆಗೆ ಬಾಗಿತ್ತು. ಅಲ್ಲಿ ಜಯಪ್ಪನ ಮಂಚ. ಗಾಳಿಗಿರಬೇಕು ಎಂದು ತಟ್ಟೆ ತಿರುಗಿಸಿ ಇಟ್ಟಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಷ್ಟೂ ಹುಲ್ಲು ಮತ್ತೆ ಮಂಚದ ಕಡೆಗೆ ತಿರುಗಿತ್ತು.

ಎಂಟನೆಯ ದಿನ ಮೊದಲ ತಟ್ಟೆ ಕತ್ತರಿಸಿದಳು. ರುಬ್ಬಿ ಸೋಸುವಾಗ ಹುಲ್ಲಿನ ಹಸಿ ವಾಸನೆಯ ಕೆಳಗೆ ಇನ್ನೊಂದು ವಾಸನೆ ಬಂತು. ಹರಳೆಣ್ಣೆಯದು. ಮನೆಯಲ್ಲಿ ಹರಳೆಣ್ಣೆ ತಂದು ಎಷ್ಟೋ ವರ್ಷವಾಗಿತ್ತು. ಅಜ್ಜಮ್ಮ ಮಾತ್ರ ತಲೆಗೆ ಅದನ್ನೇ ಹಚ್ಚುತ್ತಿದ್ದರು. ಮಿಕ್ಸಿಯ ಜಾರು ಎರಡು ಸಲ ತೊಳೆದಳು. ಜಯಪ್ಪ ಮುಖ ಕಿವುಚಿ ಕುಡಿದು, ದನಕ್ಕೆ ಹಾಕೋದನ್ನ ನನಗೆ ಹಾಕಿದೆಯಲ್ಲ ಎಂದ.

ನಾಲ್ಕು ದಿನಕ್ಕೆ ಎದ್ದು ಕೂತ. ಎಂಟು ದಿನಕ್ಕೆ ಗೋಡೆ ಹಿಡಿದು ಹಿತ್ತಲಿಗೆ ಹೋದ. ಹನ್ನೆರಡನೆಯ ದಿನ ಗೋಡೆಯೂ ಬೇಕಾಗಲಿಲ್ಲ. ಉಗುರಿನ ಬುಡದಲ್ಲಿ ಕೆಂಪು ಕಂಡಿತು. ಕಾವ್ಯಶ್ರೀ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದರೆ ಐದರಲ್ಲಿದ್ದ ರಕ್ತ ಒಂಬತ್ತೂವರೆಗೆ ಏರಿತ್ತು. ಡಾಕ್ಟರು ಚೀಟಿಯನ್ನು ಎರಡು ಸಲ ಓದಿ, ಹೀಗೂ ಆಗುತ್ತದೆ ಎಂದರಂತೆ. ಮಗಳು ಮನೆಗೆ ಬಂದವಳೇ ಏಳು ತಟ್ಟೆಗಳ ಮುಂದೆ ನಿಂತು, ಹುಲ್ಲಿನ ಮೇಲೆ ಮೆಲ್ಲಗೆ ಕೈಯಾಡಿಸಿದಳು.

"ಅಪ್ಪನ್ನ ಎಬ್ಬಿಸಿಬಿಟ್ಟೆ ಕಣಮ್ಮ ನೀನು," ಎಂದಳು.

ಲಕ್ಷ್ಮೀದೇವಿ ಹೂಂ ಎಂದಳು. ಮಗಳಷ್ಟು ಸಂತೋಷ ಅವಳ ಬಾಯಿಗೆ ಬರಲಿಲ್ಲ. ಆ ಹೊತ್ತಿಗಾಗಲೇ ಅವಳು ಬೇರೆ ಗುರುತುಗಳನ್ನು ಒಂದೊಂದಾಗಿ ಕಾಣತೊಡಗಿದ್ದಳು. ಎಲೆ ಅಡಿಕೆ ಹಾಕದ ಜಯಪ್ಪ ಒಂದು ಮಧ್ಯಾಹ್ನ ವೀಳ್ಯದೆಲೆ ಕೇಳಿ ತರಿಸಿಕೊಂಡು, ತುದಿಯನ್ನು ಉಗುರಿನಿಂದ ಚಿವುಟಿ ಕಣತಲೆಗೆ ಅಂಟಿಸಿಕೊಂಡ. ತಲೆನೋವು ಬಂದರೆ ಅಜ್ಜಮ್ಮ ಮಾಡುತ್ತಿದ್ದದ್ದು ಅದು. ಮತ್ತೊಂದು ಸಂಜೆ ಹಿತ್ತಲ ಹೊಸ್ತಿಲ ಮೇಲೆ ಒಂದು ಮಂಡಿ ಎತ್ತಿ ಕೂತು, ಮೊರದ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ. ಹುಟ್ಟಿದಾಗಿನಿಂದ ಅಡಿಗೆಮನೆಯ ಒಳಗೆ ಕಾಲಿಡದವನು, ಊಟದ ನಡುವೆ ತಟ್ಟೆಯಿಂದ ತಲೆ ಎತ್ತದೆ ಅಂದ: "ಸಾರಿಗೆ ಉಪ್ಪು ಮುಂದಾಗೈತೆ, ಜಗಳೂರಾಕೆ."

ಅಜ್ಜಮ್ಮ ಇಪ್ಪತ್ತೆರಡು ವರ್ಷ ಸೊಸೆಯನ್ನು ಹೆಸರು ಹಿಡಿದು ಕರೆದವರಲ್ಲ. ಜಗಳೂರಾಕೆ ಎಂದೇ ಕರೆದರು.

ಇದೆಲ್ಲಕ್ಕಿಂತ ಅವಳನ್ನು ಹೆದರಿಸಿದ್ದು ಕುಚೋದ್ಯ ನಿಂತದ್ದು. ಬೇಕೆಂದೇ ಅವಳು ಒಂದು ದಿನ ಮಾತು ತೆಗೆದಳು, ಹೊಳೆ ತುಂಬ ನೀರಿದೆಯಂತೆ, ನಮ್ಮೂರಿಗೆ ಎರಡು ಬಿಂದಿಗೆ ಕಳಿಸೋಣವೇ ಎಂದು. ಮೊದಲಿನ ಜಯಪ್ಪನಾಗಿದ್ದರೆ ಆ ಎಳೆ ಹಿಡಿದು ಊಟ ಮುಗಿಯುವತನಕ ಎಳೆಯುತ್ತಿದ್ದ. ಈಗ ಅವನು ಸುಮ್ಮನೆ ಅವಳ ಮುಖ ನೋಡಿದ. ಸೊಸೆ ಅತ್ತೆಯ ಮುಂದೆ ಸದರ ತೋರಿದರೆ ನೋಡುವ ನೋಟ ಅದು.

ಆ ಭಾನುವಾರ ಕಾವ್ಯಶ್ರೀ ತಲೆ ಸ್ನಾನ ಮಾಡಿ ಜಗುಲಿಯಲ್ಲಿ ಕೂದಲು ಆರಿಸುತ್ತಿದ್ದಳು. ಜಯಪ್ಪ ಹೋಗಿ ಹಿಂದೆ ಕೂತ. ಕೂದಲು ಮೂರು ಪಾಲು ಮಾಡಿ, ಹಣಿಗೆಯ ಹಲ್ಲು ನೆತ್ತಿಗೆ ಒತ್ತಿ, ಬುಡದಿಂದ ಬಿಗಿದು ಜಡೆ ಹೆಣೆದ. ಬೆರಳು ಒಂದು ಸಲವೂ ತಪ್ಪಲಿಲ್ಲ. ಕಾವ್ಯಶ್ರೀ ನಕ್ಕಳು. "ಅಮ್ಮ, ನೋಡು ಬಾ. ಅಪ್ಪ ಥೇಟ್ ಅಜ್ಜಿ ಬಿಗಿದ ಹಂಗೇ ಬಿಗೀತಾರೆ. ಹುಬ್ಬು ಮೇಲಕ್ಕೆ ಹೋತು ನಂದು." ಬಾಗಿಲಲ್ಲಿ ನಿಂತಿದ್ದ ಲಕ್ಷ್ಮೀದೇವಿಯ ಕೈಯಲ್ಲಿ ನೀರಿನ ಲೋಟ ಇತ್ತು. ಮಗಳ ಕೂದಲಿನಿಂದ ಹರಳೆಣ್ಣೆಯ ವಾಸನೆ ಬರುತ್ತಿತ್ತು. ಹಚ್ಚಿದವರು ಯಾರೂ ಇರಲಿಲ್ಲ.

ಮಗಳು ಬಸ್ಸು ಹತ್ತಿದ ಮೇಲೆ, ಹೊತ್ತು ಮುಳುಗುವಾಗ, ಜಯಪ್ಪ ಹೊಸ್ತಿಲ ಮೇಲೆ ಮೊರ ಇಟ್ಟುಕೊಂಡು ಕೂತಿದ್ದ. ಲಕ್ಷ್ಮೀದೇವಿ ಎದುರಿಗೆ ಹೋಗಿ ನಿಂತಳು.

"ಅತ್ತೆ," ಎಂದಳು.

ಅಕ್ಕಿಯ ಮೇಲೆ ಓಡುತ್ತಿದ್ದ ಬೆರಳು ನಿಲ್ಲಲಿಲ್ಲ. "ಇಷ್ಟು ದಿನ ಬೇಕಾತೇನು ಗುರುತು ಹಿಡಿಯಾಕೆ?"

ದನಿ ಜಯಪ್ಪನದೇ. ಮಾತಿನ ಎಳೆತ ಅವನದಲ್ಲ.

"ಯಾಕೆ ಬಂದ್ರಿ ಅತ್ತೆ?"

"ನಾನೆಲ್ಲಿಗೆ ಹೋಗಿದ್ದೆ, ಬರಾಕೆ? ಅವತ್ತು ಹೊಳೆ ದಂಡೆಗೆ ನಿನ್ನ ಹಿಂದೇನೇ ನಡಕೊಂಡು ಬಂದೆ. ನೀನು ಅಂಗಡಿ ಗೋಧಿ ಬಿಟ್ಟೆ. ಕಾಳು ಹೋತು, ನನಗೆ ದಾರಿ ಕಾಣ್ಲಿಲ್ಲ. ತಿರುಗಿ ನಿನ್ನ ಹಿಂದೇನೇ ಮನೆಗೆ ಬಂದೆ. ಹದಿನೆಂಟು ವರ್ಷ ಬುರುಡೆಯಾಗೆ ಕುಂತಿದ್ದೆ, ಜಗಳೂರಾಕೆ. ಕಣ್ಣು ತುಂಬ ಬೂದಿ."

ಲಕ್ಷ್ಮೀದೇವಿ ಅಲ್ಲೇ ನೆಲಕ್ಕೆ ಕೂತಳು. ಗಂಡನನ್ನು ಬಿಟ್ಟುಬಿಡಿ ಎಂದು ಕೈ ಮುಗಿದಳು.

"ಬಿಡಾಕೆ ನಾನೇನು ಅವನ್ನ ಹಿಡ್ಕೊಂಡಿಲ್ಲ. ಅವ ಕಾರ್ತೀಕದಾಗೇ ಹೊರಟಿದ್ದ. ನಾನು ಬಾಗಿಲಿಗೆ ಅಡ್ಡ ಕುಂತೀನಿ, ಅದಕ್ಕೇ ಹೊರಗೆ ಹೋಗಿಲ್ಲ. ನಾನೆದ್ರೆ ಅವನೂ ಹೋಗ್ತಾನೆ. ಕುಂದರ್ಲೋ, ಏಳ್ಲೋ, ನೀನೇ ಹೇಳು." ಬೆರಳು ಒಂದು ಕಲ್ಲನ್ನು ಆರಿಸಿ ಅಂಗಳಕ್ಕೆ ಎಸೆಯಿತು. "ನೀನು ಅವತ್ತು ನನ್ನ ಕೇಳಿರ್ಲಿಲ್ಲ. ನಾನು ಕೇಳ್ತಾ ಇದೀನಿ."

ಅವಳು ಎದ್ದು ಒಳಗೆ ಹೋಗಿ, ಮಾರನೆಯ ದಿನದ ತಟ್ಟೆಗೆ ನೀರು ಚಿಮುಕಿಸಿದಳು.

ಕರಿಯಕ್ಕ ಪಕ್ಕದ ಮನೆಯ ಮುದುಕಿ, ಎಂಬತ್ತು ದಾಟಿದವಳು. ಅಜ್ಜಮ್ಮನ ಹನ್ನೊಂದನೆಯ ದಿನ ಹೊಳೆಗೆ ಹೆಂಗಸರನ್ನು ಕರೆದೊಯ್ದವಳು ಅವಳೇ. ಬೆಳಗ್ಗೆ ಅವಳ ಜಗುಲಿಗೆ ಹೋಗಿ ಲಕ್ಷ್ಮೀದೇವಿ ಎಲ್ಲವನ್ನೂ ಹೇಳಿದಳು, ಹದಿನೆಂಟು ವರ್ಷದಿಂದ ಯಾರಿಗೂ ಹೇಳದಿದ್ದನ್ನು ಮೊದಲು ಹೇಳಿದಳು. ಕರಿಯಕ್ಕ ಬೈಯಲಿಲ್ಲ. ಬಾಯಲ್ಲಿದ್ದ ಎಲೆಯನ್ನು ಉಗಿದು ಬಂದು ಕೂತಳು.

"ನನಗೂ ಅವತ್ತೇ ಅನುಮಾನ ಬಂದಿತ್ತು ತಂಗಿ. ಹೊಟ್ಟಿನ ಗೋಧಿ ನೀರಿಗೆ ಬಿಟ್ರೆ ತೇಲ್ತಾ ಹೋಗಬೇಕು. ನೀನು ಬಿಟ್ಟದ್ದು ಕಲ್ಲಿನ ಹಂಗೆ ಮುಳುಗ್ತು. ಕಂಡೂ ಸುಮ್ನಾದೆ. ಅಜ್ಜಮ್ಮನ ಪಾಪ ನನಗೂ ಅರ್ಧ ಐತೆ."

ಆಮೇಲೆ ಮಾಡಬೇಕಾದದ್ದನ್ನು ಹೇಳಿದಳು. ತಡೆದ ಕೈಯೇ ಬಿಡಬೇಕು. ಹುಲ್ಲು, ಬೇರು, ಬುರುಡೆಯಲ್ಲಿ ಉಳಿದ ಕಾಳು, ಕಾಳಿಗೆ ಹತ್ತಿದ ಬೂದಿ, ಎಲ್ಲವೂ ಹೋಗಬೇಕು. ಒಂದು ಕಾಳು ಉಳಿದರೂ ಅಷ್ಟೂ ಉಳಿದ ಹಾಗೆ. ಗಂಡನ ಗತಿ ಏನು ಎಂದು ಲಕ್ಷ್ಮೀದೇವಿ ಕೇಳಿದ್ದಕ್ಕೆ ಕರಿಯಕ್ಕ ಅವಳ ಬೆನ್ನ ಮೇಲೆ ಕೈ ಇಟ್ಟಳು.

ಲಕ್ಷ್ಮೀದೇವಿ ಆ ಮಾತು ಕೇಳಿ ಬಂದು ಮತ್ತೆ ಎರಡು ದಿನ ಹುಲ್ಲು ಕತ್ತರಿಸಿದಳು. ತಪ್ಪೆಂದು ಗೊತ್ತಿದ್ದೂ ಕತ್ತರಿಸಿದಳು. ಮಂಚದ ಮೇಲಿದ್ದದ್ದು ಯಾರೇ ಆಗಲಿ, ಉಸಿರಾಡುವ ಎದೆ ಜಯಪ್ಪನದು, ಅಂಗಿ ಜಯಪ್ಪನದು, ಅಂಗಳದಲ್ಲಿ ನಡೆದಾಡುವ ಸದ್ದೂ ಅವನದೇ. ಒಂಬತ್ತೂವರೆ ಎಂದು ಬರೆದ ಚೀಟಿಯನ್ನು ಮಗಳು ದೇವರ ಗೂಡಿನಲ್ಲಿಟ್ಟು ಹೋಗಿದ್ದಳು. ಅವಳಿಗೆ ಏನೆಂದು ಹೇಳುವುದು? ಅಪ್ಪ ಬದುಕಿದ್ದಾನೆ, ಆದರೆ ಅಪ್ಪನಲ್ಲ ಎಂದರೆ ಯಾವ ಮಗಳು ಕೇಳುತ್ತಾಳೆ?

ಬುಧವಾರ ಬೆಳಗ್ಗೆ ಕತ್ತರಿ ಕೈಗೆ ತೆಗೆದುಕೊಂಡವಳು ಮತ್ತೆ ಕೆಳಗಿಟ್ಟಳು. ಒಂದು ದಿನ ರಸ ಕೊಡದೆ ನೋಡಬೇಕು, ಒಳಗೆ ಅವನು ಇನ್ನೂ ಇದ್ದಾನೋ ಇಲ್ಲವೋ ತಿಳಿಯಬೇಕು ಎಂದುಕೊಂಡಳು. ಹತ್ತು ಗಂಟೆಗೆ ಅವನ ತುಟಿ ಬಿಳಿಚಿತು. ಮಧ್ಯಾಹ್ನ ಮಂಚ ಹಿಡಿದ. ಕಟ್ಟೆಯ ಮೇಲೆ ಏಳು ತಟ್ಟೆಯ ಹುಲ್ಲೂ ಗಾಳಿಯಿಲ್ಲದೆ ಅಲುಗುತ್ತಿತ್ತು. ಅವಳು ಅಡಿಗೆಮನೆಯ ಕದ ಎಳೆದುಕೊಂಡು ಬಂದು ಗಂಡನ ತಲೆಯ ಹತ್ತಿರ ಕೂತಳು. ಮೂರು ಗಂಟೆ ಹೊತ್ತಿಗೆ ಅವನು ಕಣ್ಣು ಬಿಟ್ಟ.

"ಲಚ್ಚಿ."

ಅವಳು ಅವನ ಮುಖದ ಹತ್ತಿರಕ್ಕೆ ಬಾಗಿದಳು.

"ನಿಮ್ಮೂರಿಗೆ ನೀರು ಬಂತಂತೇನೇ?" ಎಂದು ಅವನು ಅರ್ಧ ನಕ್ಕ. ನಗಲು ಶಕ್ತಿ ಸಾಲದೆ ಉಸಿರು ತೆಗೆದುಕೊಂಡ. "ಒಳಗೆ ಇಬ್ರಿಗೆ ಜಾಗ ಸಾಲಲ್ಲ ಕಣೇ. ಅವ್ವ ಮುದುಕಿ, ಆಕೇನ ಏಳು ಅನ್ನಾಕಾಗಲ್ಲ. ಮೂಲೆಯಾಗೆ ನಿಂತ್ಕೊಂಡೀನಿ. ನಿಂತೂ ನಿಂತೂ ಕಾಲು ಸೋತು ಹೋಗ್ಯಾವೆ."

"ಆ ಹುಲ್ಲು ಬಿಟ್ರೆ ನೀವು ಇರಲ್ಲ ಅಂತಾರಲ್ರೀ."

"ಈಗೇನು ಇದೀನಾ?"

ಅವಳು ಅವನ ಕೈ ಹಿಡಿದುಕೊಂಡಳು. ಅವನೂ ಹಿಡಿದ, ಬಹಳ ಹೊತ್ತು. ಬಿಟ್ಟುಬಿಡು ಲಚ್ಚಿ, ನಾಲ್ಕು ದಿನ ಆದರೂ ನಾನೇ ಇರ್ತೀನಿ ಎಂದ. ಆಮೇಲೆ ಕಣ್ಣು ಮುಚ್ಚಿದ.

ಗುರುವಾರ ನಸುಕಿಗೆ ಎದ್ದು ಅವಳು ದೊಡ್ಡ ಬುಟ್ಟಿಯಲ್ಲಿ ಏಳು ತಟ್ಟೆಗಳನ್ನೂ ಇಟ್ಟಳು. ಬುರುಡೆಯನ್ನು ಮಡಿಲಲ್ಲಿ ಕಟ್ಟಿಕೊಂಡಳು. ಕರಿಯಕ್ಕ ಕೋಲು ಊರಿಕೊಂಡು ಜೊತೆಗೆ ಬಂದು ದಂಡೆಯ ಮೇಲೇ ನಿಂತಳು. ಹೊಳೆಯ ಮೇಲೆ ಮಂಜು ಇತ್ತು, ಆಚೆ ದಡ ಕಾಣುತ್ತಿರಲಿಲ್ಲ. ಲಕ್ಷ್ಮೀದೇವಿ ಮೊಣಕಾಲುದ್ದ ನೀರಿಗಿಳಿದು ಒಂದೊಂದೇ ತಟ್ಟೆಯ ಹುಲ್ಲನ್ನು ಬೇರು ಸಮೇತ ಎಬ್ಬಿಸಿ ಬಿಟ್ಟಳು. ಬೇರು ಹೆಣೆದುಕೊಂಡು ಕಂಬಳಿಯ ತುಂಡಿನಂತಾಗಿತ್ತು, ಕಳಚಲಿಲ್ಲ, ಹಾಗೇ ತೇಲಿತು. ಆಮೇಲೆ ಬುರುಡೆ ಒಡೆದು ಕಾಳು ಸುರಿದಳು. ಹೊಟ್ಟಿನ ಗೋಧಿ ಹುಲ್ಲಿನ ಸುತ್ತ ತೇಲುತ್ತ ನಿಂತಿತು. ಹೊಳೆ ಹರಿಯುತ್ತಿತ್ತು. ಅದು ಮಾತ್ರ ಹರಿಯದೆ ಅವಳ ಮೊಣಕಾಲಿಗೆ ತಾಗಿಕೊಂಡೇ ಇತ್ತು.

"ಎಲ್ಲಾ ಬಿಟ್ಟೆಯಾ ತಂಗಿ?" ಎಂದು ಕರಿಯಕ್ಕ ಕೇಳಿದಳು.

ಲಕ್ಷ್ಮೀದೇವಿಯ ಎಡ ಮುಷ್ಟಿ ಮುಚ್ಚಿತ್ತು. ಯಾವಾಗ ಮುಚ್ಚಿತು ಎಂದು ಅವಳಿಗೇ ತಿಳಿದಿರಲಿಲ್ಲ. ಒಳಗೆ ಏಳೆಂಟು ಕಾಳು ಇದ್ದವು. ಅಪ್ಪನ ಹೊಲ, ಮಡಕೆಯ ಬಾಯಿ, ಮಂಚದ ಮೇಲಿನ ಮನುಷ್ಯ, ಎಲ್ಲ ಆ ಮುಷ್ಟಿಯಲ್ಲೇ ಇದ್ದ ಹಾಗಿತ್ತು. ಇಷ್ಟೇ ಮೊಳೆತರೂ ಇನ್ನಷ್ಟು ದಿನ. ಹಾಗೆ ಎಷ್ಟು ಹೊತ್ತು ನಿಂತಳೋ. ನೀರು ತಣ್ಣಗೆ ಕೊರೆಯುತ್ತಿತ್ತು. ತಪ್ಪಾಯಿತು ಅತ್ತೆ, ಹೋಗಿ ಬನ್ನಿ ಎಂದಳು. ಹೇಳಿ, ಬಲಗೈಯಿಂದ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಉಗುರಿನ ಸಂದಿಯಲ್ಲಿ ಸಿಕ್ಕಿದ್ದ ಒಂದು ಹೊಟ್ಟನ್ನೂ ಕಡ್ಡಿಯಿಂದ ತೆಗೆದು ಬಿಟ್ಟಳು.

ಆಗ ಅದು ಕದಲಿತು. ಹುಲ್ಲು, ಕಾಳು, ಬೂದಿ ಎಲ್ಲ ಒಟ್ಟಾಗಿ, ಒಂದೂ ಚೆದುರದೆ, ವಯಸ್ಸಾದವರು ನಡೆಯುವ ಹಾಗೆ ನಿಧಾನವಾಗಿ ನಡುಹೊಳೆಗೆ ಹೋಯಿತು. ಅಲ್ಲಿ ಒಂದು ಗಳಿಗೆ ನಿಂತಿತು. ಹುಲ್ಲು ಈ ದಡದ ಕಡೆಗೊಮ್ಮೆ ಬಾಗಿ, ಮತ್ತೆ ಎದ್ದಿತು. ಆಮೇಲೆ ಮಂಜಿನೊಳಗೆ ಹೋಗಿ ಕಾಣದಾಯಿತು. ಕರಿಯಕ್ಕ ದಂಡೆಯ ಮೇಲೆ ಕೋಲು ಬಿಟ್ಟು ಎರಡೂ ಕೈ ಮುಗಿದಳು.

ಮನೆಗೆ ಬಂದರೆ ಜಯಪ್ಪ ಗೋಡೆಗೆ ಒರಗಿ ಕೂತಿದ್ದ. ಮುಖ ಸುಣ್ಣದ ಹಾಗೆ ಬಿಳುಪು, ಕಣ್ಣು ಅವನವೇ. ಸೀರೆ ಒದ್ದೆ ಮಾಡಿಕೊಂಡು ಬಂದಿದೀಯಲ್ಲ, ಜಗಳೂರಿನವರಿಗೆ ನೀರು ಕಂಡರೆ ಬಿಡಾಕಾಗಲ್ಲ ಎಂದ.

ಕಾವ್ಯಶ್ರೀಗೆ ಬೀಜ ಮುಗಿಯಿತು ಎಂದಷ್ಟೇ ಹೇಳಿದಳು. ಮಗಳು ದಾವಣಗೆರೆಯೆಲ್ಲ ಹುಡುಕಿ ಶನಿವಾರ ಎರಡು ಕಿಲೋ ಜವೆ ಗೋಧಿ ತಂದಳು, ಪ್ಯಾಕೆಟ್ಟಿನದು, ಹೊಟ್ಟು ಬಿಡಿಸಿದ್ದು. ಈಗ ಹಾಕಿದರೆ ಎಂಟು ದಿನಕ್ಕೆ ಹುಲ್ಲು ಬರುತ್ತದೆ ಎಂದು ತಟ್ಟೆ ಹುಡುಕತೊಡಗಿದಳು. ಜಯಪ್ಪ ಅವಳನ್ನು ಕರೆದು, ಹುಲ್ಲು ತಿಂದು ತಿಂದು ಕೊಂಬು ಬರ್ತಾವೆ ನನಗೆ, ಅದನ್ನ ಒಡೆದು ಬೆಲ್ಲ ಹಾಕಿ ಸಜ್ಜಕ ಮಾಡ್ರಿ ಎಂದ. ತಾಯಿ ಮಗಳು ಸೇರಿ ಮಾಡಿದರು. ಎರಡು ಚಮಚ ತಿಂದ. ಇನ್ನೆರಡು ತಿನ್ನುವ ಆಸೆಯಿದೆ, ಗಂಟಲಿಗಿಲ್ಲ ಎಂದ. ಕಾವ್ಯಶ್ರೀ ರಜೆ ಹಾಕಿ ಉಳಿದುಕೊಂಡಳು. ಭಾನುವಾರ ಅವನು ಮಗಳಿಗೆ ಹಳೆಯ ಟ್ಯಾಂಕಿನ ಕಥೆ ಹೇಳಿದ, ಲಕ್ಷ್ಮೀದೇವಿಯನ್ನು ಹನ್ನೆರಡು ಸಲವಾದರೂ ಲಚ್ಚಿ ಎಂದು ಕರೆದ. ಪ್ರತಿ ಸಲವೂ ಅವಳು ಎದ್ದು ಬಂದಳು. ಕೆಲಸವೇನೂ ಇರುತ್ತಿರಲಿಲ್ಲ.

ಅಜ್ಜಮ್ಮ ಹೋದದ್ದು ಗುರುವಾರ. ಜಯಪ್ಪ ಹೋದದ್ದು ಎಳ್ಳಮಾವಾಸ್ಯೆಗೆ ನಾಲ್ಕು ದಿನ ಇರುವಾಗ, ಸೋಮವಾರ, ಡೈರಿಗೆ ಹಾಲು ಹಾಕುವ ಹೊತ್ತಿಗೆ.